ಹೋಮ್‌ಸ್ಟೇ ಅತಿಥಿಗಳಿಗೆ ಕ್ಯೂಆರ್ ಕೋಡ್‌ನಲ್ಲಿ ವೈಫೈ: ಒಂದೇ ಫೈಬರ್, ಐದು ಕೋಣೆ, ಹೇಗೆ ಮಾಡೋದು?

#1 ಗುಡ್ಡದಮನೆ
ಮೂಡಿಗೆರೆ ಕಡೆಯ ಹೋಮ್‌ಸ್ಟೇ. ಐದು ಕೋಣೆ: ಮೂರು ಮನೆಗೆ ಅಂಟಿಕೊಂಡಂತೆ, ಎರಡು ಅಂಗಳದಾಚೆ. ಫೈಬರ್ ಕನೆಕ್ಷನ್ ಒಂದೇ. ಕಂಪನಿಯವರು ಕೊಟ್ಟ ಓಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ, ವೈಫೈಯೂ ಅದರಲ್ಲೇ) ಹಾಲ್‌ನಲ್ಲಿದೆ, ಅದರಿಂದ ಕೇಬಲ್ ಎಳೆದು ಅಂಗಳದಾಚೆ ಇನ್ನೊಂದು ರೂಟರ್. ಸಿಸಿಟಿವಿ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿ), ಬಿಲ್ ಮಾಡುವ ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ಅದೇ ನೆಟ್‌ವರ್ಕ್‌ನಲ್ಲಿವೆ. ಬಂದವರು ಬ್ಯಾಗ್ ಇಳಿಸುವ ಮೊದಲೇ ಪಾಸ್‌ವರ್ಡ್ ಕೇಳ್ತಾರೆ. ಪ್ರತಿ ಕೋಣೆಯಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿಬಿಡೋಣ ಅಂತ. ಕೋಡ್ ಮಾಡಲು ಯಾವ ಸೈಟ್ ಒಳ್ಳೇದು? ಎಷ್ಟು ದೊಡ್ಡದು ಪ್ರಿಂಟ್ ಹಾಕಿಸಬೇಕು? ಎಲ್ಲಾ ಫೋನಿಗೂ ಆಗುತ್ತಾ?

#2 ತುಂತುರು_ಟೆಕ್
ಸೈಟೇ ಬೇಡ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾದರೆ ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆದು, ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗೇರ್ ಚಿಹ್ನೆ ಒತ್ತಿ, ಶೇರ್. ಕೋಡ್ ಬರುತ್ತೆ. ಸ್ಯಾಮ್‌ಸಂಗ್‌ನಲ್ಲಿ ಅದೇ ಪುಟದ ಕೆಳಗೆ ಕ್ಯೂಆರ್ ಕೋಡ್ ಅಂತಲೇ ಬಟನ್ ಇರುತ್ತೆ. ಐಫೋನ್‌ನಲ್ಲಿ ಐಓಎಸ್ 18ರಿಂದ ಪಾಸ್‌ವರ್ಡ್ಸ್ ಆ್ಯಪ್ ಇದೆ, ಅದರ ವೈಫೈ ವಿಭಾಗದಲ್ಲಿ ನೆಟ್‌ವರ್ಕ್ ಕ್ಯೂಆರ್ ತೋರಿಸುವ ಆಯ್ಕೆ ಸಿಗುತ್ತೆ. ಸ್ಕ್ರೀನ್‌ಶಾಟ್ ತೆಗೆದು ಕ್ರಾಪ್ ಮಾಡಿದರೆ ಮುಗೀತು.

#3 ಪ್ಯಾಕೆಟ್‌ಪಿತಾಮಹ
ಮುಗಿಯಲ್ಲ, ಇಲ್ಲಿಂದಲೇ ಶುರು. ಡಿವಿಆರ್ ಇರುವ ನೆಟ್‌ವರ್ಕಿನ ಕೋಡನ್ನೇ ಗೋಡೆಗೆ ಅಂಟಿಸಿದರೆ ಬಂದವರಿಗೆಲ್ಲ ಕ್ಯಾಮೆರಾ, ಪ್ರಿಂಟರ್, ಲ್ಯಾಪ್‌ಟಾಪಿನ ಶೇರ್ ಮಾಡಿದ ಫೋಲ್ಡರ್ ಕಾಣುತ್ತೆ. ಕ್ಯೂಆರ್ ಅನ್ನೋದು ಬೀಗ ಅಲ್ಲ, ಬೀಗದ ಕೈಯ ಫೋಟೋ. ಅದರಲ್ಲಿ ಪಾಸ್‌ವರ್ಡ್ ಯಾವ ಗುಟ್ಟೂ ಇಲ್ಲದೆ ಅಕ್ಷರ ಅಕ್ಷರವಾಗಿ ಕೂತಿರುತ್ತೆ, ಗೂಗಲ್ ಲೆನ್ಸ್ ಹಿಡಿದರೆ ಓದಿ ಹೇಳುತ್ತೆ. ಹಾಗಾಗಿ ಮೊದಲು ಅತಿಥಿ ನೆಟ್‌ವರ್ಕ್ ಬೇರೆ ಮಾಡಿ, ಕೋಡ್ ಆಮೇಲೆ.

#4 ಗುಡ್ಡದಮನೆ
ಅಂಗಳದಾಚೆಯ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡುವ ಆಯ್ಕೆ ಇದೆ. ಅದು ಸಾಕಲ್ವಾ?

#5 ಪ್ಯಾಕೆಟ್‌ಪಿತಾಮಹ
ಎರಡು ಪ್ರಶ್ನೆ. ಓಎನ್‌ಟಿಯಿಂದ ಬರುವ ಕೇಬಲ್ ಆ ರೂಟರಿನ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಕಿಂಡಿ) ಸಿಕ್ಕಿಸಿದ್ದೀರಾ, ಲ್ಯಾನ್ ಪೋರ್ಟಿಗಾ (ಒಳಗಿನ ಸಾಧನಗಳ ಕಿಂಡಿ)? ಅದು ರೂಟರ್ ಮೋಡ್‌ನಲ್ಲಿದೆಯೋ (ತನ್ನದೇ ನೆಟ್‌ವರ್ಕ್ ಮಾಡುತ್ತೆ), ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿದೆಯೋ (ಮೇಲಿನದರ ನೆಟ್‌ವರ್ಕನ್ನೇ ವೈಫೈಯಾಗಿ ಹರಡುತ್ತೆ)?

ಆಕ್ಸೆಸ್ ಪಾಯಿಂಟ್ ಮೋಡ್ ಆದರೆ ಬಹಳಷ್ಟು ಅಗ್ಗದ ರೂಟರ್‌ಗಳಲ್ಲಿ ಗೆಸ್ಟ್ ಅನ್ನೋದು ಹೆಸರಿಗೆ ಮಾತ್ರ. ಐಪಿ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ವಿಳಾಸ) ಹಂಚುವುದು ಮೇಲಿನ ಓಎನ್‌ಟಿ, ತಡೆಯುವ ಕೆಲಸ ಯಾರೂ ಮಾಡುತ್ತಿಲ್ಲ. ರೂಟರ್ ಮೋಡ್ ಆದರೂ ಕಥೆ ಅಷ್ಟೇ: ಅತಿಥಿಯ ಫೋನು ಇಂಟರ್ನೆಟ್ಟಿಗೆ ಹೋಗುವುದು ಓಎನ್‌ಟಿಯ ನೆಟ್‌ವರ್ಕ್ ಮೂಲಕ. ನಿಮ್ಮ ಡಿವಿಆರ್ ಓಎನ್‌ಟಿಗೆ ನೇರ ಸಿಕ್ಕಿಸಿದ್ದರೆ, ರೂಟರಿನ ಕಣ್ಣಿಗೆ ಅದೂ ಹೊರಗಿನ ಒಂದು ವಿಳಾಸವೇ. ಬಿಟ್ಟುಬಿಡುತ್ತೆ. ಒಳಗಿನ ರೂಟರ್ ಹೊರಗಿನವರನ್ನು ತಡೆಯುತ್ತೆ, ಒಳಗಿನವರು ಹೊರಗೆ ಹೋಗುವುದನ್ನು ತಡೆಯಲ್ಲ.

#6 ಜ್ವಾಳದರೊಟ್ಟಿ_ರೂಟರ್
ಹಂಗಾದ್ರ ತಿರುಗಾಮುರುಗಾ ಮಾಡ್ರಿ. ಓಎನ್‌ಟಿಯ ವೈಫೈ ಅತಿಥಿಗಳಿಗೆ, ಮನಿ ಸಾಮಾನೆಲ್ಲಾ ಒಳಗಿನ ರೂಟರ್ ಹಿಂದ. ಖರ್ಚಿಲ್ಲ.

#7 ಪ್ಯಾಕೆಟ್‌ಪಿತಾಮಹ
ಅದು ಮೊದಲಿನದಕ್ಕಿಂತ ಎಷ್ಟೋ ವಾಸಿ, ಆದರೂ ಮನೆಯ ಅಷ್ಟೂ ಟ್ರಾಫಿಕ್ ಅತಿಥಿಗಳ ನೆಟ್‌ವರ್ಕ್ ಮೂಲಕವೇ ಹಾದುಹೋಗುತ್ತೆ. ಅಲ್ಲಿ ಕೂತವನು ಎಆರ್‌ಪಿ ಸ್ಪೂಫಿಂಗ್ (ತಾನೇ ರೂಟರ್ ಅಂತ ಬೇರೆ ಸಾಧನಗಳನ್ನು ನಂಬಿಸುವುದು) ಮಾಡಿದರೆ ನಡುವೆ ನುಸುಳಬಹುದು. ಕವಲು ಹೊಡೆಸುವುದೇ ಸರಿ:

ಓಎನ್‌ಟಿಯ ವೈಫೈ ಆಫ್. ಅದರ ಒಂದು ಲ್ಯಾನ್ ಪೋರ್ಟಿನಿಂದ ಅತಿಥಿ ರೂಟರಿನ ವ್ಯಾನ್‌ಗೆ, ಇನ್ನೊಂದು ಪೋರ್ಟಿನಿಂದ ಮನೆ ರೂಟರಿನ ವ್ಯಾನ್‌ಗೆ. ಡಿವಿಆರ್, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲ ಮನೆ ರೂಟರ್ ಹಿಂದೆ. ಎರಡಕ್ಕೂ ವಿಳಾಸ ಬೇರೆ ಬೇರೆ ಕೊಡಿ: ಓಎನ್‌ಟಿ 192.168.1.1 ಇದ್ದರೆ ಅತಿಥಿ ರೂಟರ್ 192.168.50.1, ಮನೆಯದು 192.168.60.1. ಮೂರೂ 192.168.1 ಅಂತಲೇ ಬಿಟ್ಟರೆ ವೈಫೈ ಕನೆಕ್ಟ್ ಆಗುತ್ತೆ, ಇಂಟರ್ನೆಟ್ ಬರಲ್ಲ, ಎಲ್ಲರೂ ಕ್ಯೂಆರ್ ಕೋಡನ್ನೇ ಬೈತಾರೆ.

ಓಎನ್‌ಟಿಯ ಅಡ್ಮಿನ್ ಪಾಸ್‌ವರ್ಡ್ ಬದಲಿಸಲೇಬೇಕು. ಅತಿಥಿ ರೂಟರಿನಿಂದ 192.168.1.1 ಪುಟ ತೆರೆಯುತ್ತೆ, ಕಂಪನಿಯಿಂದ ಬಂದ ಪಾಸ್‌ವರ್ಡ್ ಎಷ್ಟೋ ಡಬ್ಬಿಗಳಲ್ಲಿ ಅಡ್ಮಿನ್/ಅಡ್ಮಿನ್.

#8 ಕಡಲತಡಿ
ಐದು ಕೋಣೆಗೆ ಇಷ್ಟೆಲ್ಲ ಬೇಕಾ ಮಾರಾಯ್ರೆ? ಓಎನ್‌ಟಿಯಲ್ಲೇ ಎಸ್‌ಎಸ್‌ಐಡಿ (ವೈಫೈ ಹೆಸರು) ಒಂದರಿಂದ ನಾಲ್ಕರವರೆಗೆ ಕೊಟ್ಟಿರ್ತಾರೆ, ಎರಡನೆಯದಕ್ಕೆ ಐಸೋಲೇಷನ್ (ಒಂದು ಸಾಧನಕ್ಕೆ ಇನ್ನೊಂದು ಕಾಣದ ಹಾಗೆ ಮಾಡೋದು) ಟಿಕ್ ಹಾಕಿದ್ರೆ ಆಯ್ತಲ್ಲ.

#9 ಪ್ಯಾಕೆಟ್‌ಪಿತಾಮಹ
ಆ ಟಿಕ್ ಕೆಲವು ಡಬ್ಬಿಯಲ್ಲಿ ವೈಫೈನಿಂದ ವೈಫೈಗೆ ಮಾತ್ರ ತಡೆಯುತ್ತೆ, ಕೇಬಲ್ಲಿನಲ್ಲಿರುವ ಡಿವಿಆರ್ ತೆರೆದೇ ಇರುತ್ತೆ. ಪರೀಕ್ಷೆ ಸುಲಭ: ಅತಿಥಿ ವೈಫೈಗೆ ಸೇರಿ, ಫೋನಿನ ಬ್ರೌಸರ್‌ನಲ್ಲಿ ಡಿವಿಆರ್‌ನ ಐಪಿ ಹಾಕಿ. ಲಾಗಿನ್ ಪುಟ ಬಂದರೆ ಟಿಕ್ ಸುಳ್ಳು.

#10 ಗುಡ್ಡದಮನೆ
ಹಳೆಯದೊಂದು ರೂಟರ್ ಮೂಲೆಯಲ್ಲಿದೆ. ಅದನ್ನೇ ಮನೆಯದಕ್ಕೆ ಹಾಕ್ತೀನಿ. ಆದರೆ ಅತಿಥಿ ರೂಟರ್ ಅಂಗಳದಾಚೆ ಇದ್ದರೆ ಇತ್ತಲಿನ ಮೂರು ಕೋಣೆಗೆ ಸಿಗ್ನಲ್ ಹೇಗೆ? ಜಂಬಿಟ್ಟಿಗೆ ಗೋಡೆ ಬೇರೆ.

#11 ತುಂತುರು_ಟೆಕ್
ಅತಿಥಿ ರೂಟರ್ ಹಾಲ್‌ಗೆ ತನ್ನಿ. ಅಂಗಳದಾಚೆಗೆ ಅದರ ಲ್ಯಾನ್ ಪೋರ್ಟಿನಿಂದ ಕೇಬಲ್, ಆ ತುದಿಯಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇನ್ನೊಂದು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಕೋಡ್‌ನಲ್ಲಿ ಯಾವ ಡಬ್ಬಿ ಅನ್ನೋದು ಬರಲ್ಲ, ಹೆಸರು ಮಾತ್ರ. ಐದೂ ಕೋಣೆಗೆ ಒಂದೇ ಕೋಡ್ ಸಾಕು.

ವೈಫೈನ 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11. ಅಗಲ 20 ಮೆಗಾಹರ್ಟ್ಸ್. ಜಂಬಿಟ್ಟಿಗೆ ಗೋಡೆ ಎರಡು ದಾಟಿದರೆ 5 ಗಿಗಾಹರ್ಟ್ಸ್ ಸತ್ತ ಹಾಗೆ, ಅದನ್ನು ನೆಚ್ಚಿಕೊಳ್ಳಬೇಡಿ.

#12 ಸಿಡಿಲುಮಳೆ
ಅಂಗಳ ದಾಟುವ ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಮಲೆನಾಡಿನಲ್ಲಿ ಏಪ್ರಿಲ್ ಮೇ ಗುಡುಗಿಗೆ ಮೊದಲು ಹೋಗುವುದು ಇದೇ ಪೋರ್ಟು. ಹತ್ತಿರ ಸಿಡಿಲು ಬಿದ್ದರೆ ಉದ್ದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿ ಎರಡೂ ತುದಿಯ ಡಬ್ಬಿ ಸುಡುತ್ತೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಡಬ್ಬಿ). ಫೈಬರಿನಲ್ಲಿ ಲೋಹದ ಮೆಸೆಂಜರ್ ತಂತಿ (ಕೇಬಲ್ ಜೋತುಬೀಳದಂತೆ ಹೊರುವ ತಂತಿ) ಇರದಂತೆ ನೋಡಿಕೊಳ್ಳಿ, ಇದ್ದರೆ ಮತ್ತೆ ಅದೇ ಹಾಡು. ತಾಮ್ರವೇ ಅಂದರೆ 100 ಮೀಟರ್ ಮಿತಿ, ಹೊರಾಂಗಣದ ಕ್ಯಾಟ್ 6, ಏಪ್ರಿಲ್‌ಗೆ ಮುಂಚೆಯೇ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್.

#13 ಕಡಲತಡಿ
ಕ್ಯೂಆರ್ ಕೇಳಿದವರಿಗೆ ಅರ್ಥಿಂಗ್ ಗುಂಡಿ ತೋಡಿಸ್ತಿದ್ದೀರಿ 😄

#14 ಚೌಕಚುಕ್ಕೆ
ಕೋಡಿಗೆ ಬರೋಣ. ಒಳಗೆ ಏನಿರುತ್ತೆ ಅಂತ ಗೊತ್ತಿದ್ದರೆ ಮುಕ್ಕಾಲು ತೊಂದರೆ ಬರಲ್ಲ. ಇಷ್ಟೇ ಒಂದು ಸಾಲು, ಅಸಲಿಯಲ್ಲಿ ವೈಫೈ, ಟಿ, ಡಬ್ಲ್ಯುಪಿಎ, ಎಸ್, ಪಿ ಇವೆಲ್ಲ ಇಂಗ್ಲಿಷ್ ಕೀಬೋರ್ಡಿನ ದೊಡ್ಡ ಅಕ್ಷರ, ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ರೂಟರಿನಲ್ಲಿ ಇದ್ದ ಹಾಗೇ:

ವೈಫೈ:ಟಿ:ಡಬ್ಲ್ಯುಪಿಎ;ಎಸ್:ನೆಟ್‌ವರ್ಕ್ ಹೆಸರು;ಪಿ:ಪಾಸ್‌ವರ್ಡ್;;

ಮೊದಲ ಪದದಲ್ಲಿ ನಡುವೆ ಅಡ್ಡಗೆರೆ ಇಲ್ಲ, ನಾಲ್ಕೇ ಅಕ್ಷರ. ಟಿ ಅಂದರೆ ಭದ್ರತೆಯ ಬಗೆ. ಡಬ್ಲ್ಯುಪಿಎ2 ಇದ್ದರೂ ಬರೀ ಡಬ್ಲ್ಯುಪಿಎ ಅಂತಲೇ ಬರೆಯಿರಿ, ಕೊನೆಗೆ 2 ಸೇರಿಸಿದರೆ ಕೆಲವು ಫೋನ್ ಒಪ್ಪಲ್ಲ. ಕೊನೆಯಲ್ಲಿ ಸೆಮಿಕೋಲನ್ ಎರಡು. ಹೆಸರು ಅಡಗಿಸಿಟ್ಟ ನೆಟ್‌ವರ್ಕ್ ಆದರೆ ಎಚ್:ಟ್ರೂ; ಅಂತ ಸೇರಿಸಬೇಕು (ಟ್ರೂ ಮಾತ್ರ ಸಣ್ಣಕ್ಷರ), ಆದರೆ ಅತಿಥಿ ನೆಟ್‌ವರ್ಕ್ ಅಡಗಿಸುವುದರಲ್ಲಿ ಅರ್ಥವೇ ಇಲ್ಲ.

ಪಾಸ್‌ವರ್ಡ್‌ನಲ್ಲಿ ಸೆಮಿಕೋಲನ್, ಕೋಲನ್, ಕಾಮಾ, ಡಬಲ್ ಕೋಟ್, ಬ್ಯಾಕ್‌ಸ್ಲ್ಯಾಶ್ ಇದ್ದರೆ ಪ್ರತಿಯೊಂದಕ್ಕೂ ಮೊದಲು \ ಹಾಕಬೇಕು. ಇಲ್ಲದಿದ್ದರೆ ಫೋನು ಅಲ್ಲಿಗೇ ಪಾಸ್‌ವರ್ಡ್ ಮುಗೀತು ಅಂದುಕೊಳ್ಳುತ್ತೆ. ಸ್ಕ್ಯಾನ್ ಚೆನ್ನಾಗಿ ಆಗುತ್ತೆ, ಕನೆಕ್ಟ್ ಆಗಲ್ಲ, ಕಾರಣ ಯಾರಿಗೂ ಹೊಳೆಯಲ್ಲ. ಈ ಚಿಹ್ನೆಗಳನ್ನೇ ಬಳಸಬೇಡಿ. ಸಣ್ಣಕ್ಷರ ಮತ್ತು ಅಂಕಿ ಸೇರಿ 12 ಅಕ್ಷರ ಸಾಕು. ಕನಿಷ್ಠ 8, ಗರಿಷ್ಠ 63.

#15 ತುಂತುರು_ಟೆಕ್
ಒಂದು ಸೇರಿಸ್ತೀನಿ. ಹೆಸರಿನಲ್ಲಿ ಇಂಗ್ಲಿಷಿನ ಎ ಇಂದ ಎಫ್‌ವರೆಗಿನ ಅಕ್ಷರ ಮತ್ತು ಅಂಕಿ ಮಾತ್ರ ಇದ್ದರೆ ಕೆಲವು ಸ್ಕ್ಯಾನರ್ ಅದನ್ನು ಹೆಕ್ಸ್ (ಕಂಪ್ಯೂಟರಿನ 16ರ ಲೆಕ್ಕದ) ಸಂಖ್ಯೆ ಅಂತ ಓದುತ್ತವೆ. ಇಂಗ್ಲಿಷಿನ ಕೆಫೆ (ಸಿ-ಎ-ಎಫ್-ಇ) ಅನ್ನೋ ನಾಲ್ಕಕ್ಷರವೇ ಹಾಗಿದೆ! ಕಾಫಿ ಅಂಗಡಿಯವರು ನೆಟ್‌ವರ್ಕಿಗೆ ಬರೀ ಅಷ್ಟೇ ಹೆಸರಿಟ್ಟರೆ ಎಸ್: ಆದಮೇಲೆ ಅದನ್ನು ಡಬಲ್ ಕೋಟ್ ಒಳಗೆ ಬರೆಯಬೇಕು. ಜೊತೆಗೆ ಇನ್ನೊಂದು ಪದ ಸೇರಿಸಿಬಿಟ್ಟರೆ ರಗಳೆ ಇಲ್ಲ.

#16 ಅಕ್ಷರಪ್ರೇಮಿ
ನೆಟ್‌ವರ್ಕ್ ಹೆಸರು ಕನ್ನಡದಲ್ಲೇ ಇಡಬಹುದಾ? ಗುಡ್ಡದಮನೆಯವರೇ, ಚಂದ ಕಾಣುತ್ತೆ ನೋಡಿ.

#17 ಚೌಕಚುಕ್ಕೆ
ಇಡಬಹುದು. ಮಿತಿ 32 ಬೈಟ್ (ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್). ಕನ್ನಡದಲ್ಲಿ ಪ್ರತಿ ಅಕ್ಷರಕ್ಕೆ 3 ಬೈಟ್, ಗುಣಿತದ ಚಿಹ್ನೆಗೆ ಮತ್ತೆ 3. ಅಂದರೆ ಹತ್ತು ಚಿಹ್ನೆಗೆ ಮುಗೀತು. "ಮಲೆನಾಡು ಮನೆ" ಲೆಕ್ಕ ಹಾಕಿ: ಹತ್ತು ಚಿಹ್ನೆ, ಒಂದು ಜಾಗ, 31 ಬೈಟ್. ಕೂದಲೆಳೆಯಲ್ಲಿ ಹಿಡಿಸುತ್ತೆ. ಆದರೆ ಕೆಲವು ರೂಟರ್‌ಗಳ ಪುಟ ಇಂಗ್ಲಿಷ್ ಬಿಟ್ಟು ಬೇರೇನೂ ತೆಗೆದುಕೊಳ್ಳಲ್ಲ, ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಹೆಸರು ಕಲಸುಮೇಲೋಗರವಾಗಿ ಕಾಣುತ್ತೆ. ಪಾಸ್‌ವರ್ಡ್ ಮಾತ್ರ ಕನ್ನಡದಲ್ಲಿ ಬೇಡವೇ ಬೇಡ.

#18 ಫ್ಲೆಕ್ಸ್‌ಗಲ್ಲಿ
ಪ್ರಿಂಟಿಂಗ್ ಕಡೆಯಿಂದ ಹೇಳ್ತೀನಿ. ಹೆಸರು 10 ಅಕ್ಷರ, ಪಾಸ್‌ವರ್ಡ್ 12 ಆದರೆ ಇಡೀ ಸಾಲು 40 ಬೈಟ್. ಎರರ್ ಕರೆಕ್ಷನ್ (ಕೋಡ್ ಸ್ವಲ್ಪ ಹಾಳಾದ್ರೂ ಓದೋಕೆ ಇಡೋ ಮೀಸಲು) ಎಂ ಮಟ್ಟದಲ್ಲಿ 42ರವರೆಗೆ 29×29 ಚೌಕದ ಕೋಡ್‌ನಲ್ಲಿ ಕೂರುತ್ತೆ. ಸುತ್ತ ನಾಲ್ಕು ನಾಲ್ಕು ಚೌಕದಷ್ಟು ಬಿಳಿ ಅಂಚು ಬೇಕೇಬೇಕು, ಒಟ್ಟು 37. ಒಂದು ಚೌಕಕ್ಕೆ 1 ಮಿಲಿಮೀಟರ್ ಅಂದರೂ 3.7 ಸೆಂಟಿಮೀಟರ್. ಹಾಸಿಗೆ ಪಕ್ಕದ ಟೇಬಲ್ ಮೇಲೆ ಇಡೋದಕ್ಕೆ ಅಷ್ಟು ಸಾಕು. ಓದುವ ದೂರದ ಹತ್ತನೇ ಒಂದು ಭಾಗ ಅಂತ ಲೆಕ್ಕ ಇಟ್ಕೊಳ್ಳಿ: ಒಂದು ಮೀಟರ್ ದೂರದಿಂದ ಓದಬೇಕಾದ್ರೆ 10 ಸೆಂಟಿಮೀಟರ್.

ಜನ ಮಾಡೋ ತಪ್ಪು ಒಂದೇ ಥರ. ಬಿಳಿ ಅಂಚು ಜಾಗ ದಂಡ ಅಂತ ಡಿಸೈನರ್ ಕತ್ತರಿಸ್ತಾನೆ. ಕಪ್ಪು ಹಿನ್ನೆಲೆಗೆ ಬಿಳಿ ಕೋಡ್ ಹಾಕ್ತಾನೆ, ಕೆಲವು ಫೋನ್ ಓದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸ್ತಾರೆ, ಅಂಚೆಲ್ಲ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ, ಪಿಡಿಎಫ್ ಅಥವಾ ಎಸ್‌ವಿಜಿ (ಎಷ್ಟು ಹಿಗ್ಗಿಸಿದ್ರೂ ಮಸುಕಾಗದ ಚಿತ್ರದ ಫೈಲ್) ಇದ್ರೆ ಇನ್ನೂ ಒಳ್ಳೇದು. ಹೊಳೆಯೋ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ರೆ ಕೋಡ್ ಮಧ್ಯೆ ಬಿಳಿ ಪಟ್ಟಿ, ಮ್ಯಾಟ್ ಹಾಕ್ಸಿ. ಇಂಕ್‌ಜೆಟ್ ಪ್ರಿಂಟ್ ನಿಮ್ಮ ಕಡೆ ಜುಲೈ ತೇವಕ್ಕೆ ಹರಡುತ್ತೆ. ಬಿಲ್ ಮಿಷನ್ನಿನ ಥರ್ಮಲ್ ಕಾಗದ ಬಿಸಿಲಿಗೆ ಮಾಸುತ್ತೆ. ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಮ್ಯಾಟ್ ವಿನೈಲ್ ಸ್ಟಿಕ್ಕರ್, ಅಷ್ಟೇ.

#19 ಬಣ್ಣದಬುಗುರಿ
ಎರರ್ ಕರೆಕ್ಷನ್ ಎಚ್ ಹಾಕಿದರೆ ಶೇ 30 ಹಾಳಾದರೂ ಓದುತ್ತಲ್ಲ? ಮಧ್ಯದಲ್ಲಿ ಹೋಮ್‌ಸ್ಟೇ ಲೋಗೋನೂ ಹಾಕಬಹುದು.

#20 ಫ್ಲೆಕ್ಸ್‌ಗಲ್ಲಿ
ಅದೇ 40 ಬೈಟ್ ಎಚ್ ಮಟ್ಟದಲ್ಲಿ 37×37 ಆಗುತ್ತೆ, ಅಂಚು ಸೇರಿ 45. ಕಾಗದ ಅಷ್ಟೇ ಇದ್ರೆ ಪ್ರತಿ ಚುಕ್ಕೆ ಸಣ್ಣದಾಗುತ್ತೆ, ಮಂದ ಬೆಳಕಲ್ಲಿ ಹಳೆ ಕ್ಯಾಮೆರಾ ಒದ್ದಾಡುತ್ತೆ. ಮೇಲಿಂದ ಆ ಶೇ 30 ಮೀಸಲನ್ನ ಲೋಗೋನೇ ತಿಂದ್ರೆ ಗೀರಿಗೆ, ಕಲೆಗೆ ಏನುಳೀತು? ಕೋಣೆಯೊಳಗಿನ ಕಾರ್ಡಿಗೆ ಎಂ, ಅಂದ್ರೆ ಶೇ 15, ಧಾರಾಳ. ಲೋಗೋ ಪಕ್ಕದಲ್ಲಿ ಹಾಕಿ.

#21 ಬಣ್ಣದಬುಗುರಿ
ನಿಮ್ಮ ಕಾರ್ಡು ಕರೆಂಟ್ ಬಿಲ್ ಥರ ಕಾಣುತ್ತೆ ಬಿಡಿ.

#22 ಜ್ವಾಳದರೊಟ್ಟಿ_ರೂಟರ್
ಆನ್‌ಲೈನ್ ಸೈಟಿನ ಬಗ್ಗೆ ಒಂದ್ ಮಾತ್ ಹೇಳ್ಬೇಕ್ರಿ. ಡೈನಾಮಿಕ್ ಕೋಡ್ ಅಂತ ಕೊಡೋ ಸೈಟ್‌ಗಳದಾವ. ಅವು ಕೋಡಿನಾಗ ನಿಮ್ಮ ಪಾಸ್‌ವರ್ಡ್ ಇಡೂದಿಲ್ಲ, ತಮ್ಮ ಸೈಟಿನ ಲಿಂಕ್ ಇಡ್ತಾವ. ಟ್ರಯಲ್ ಮುಗದ್ರ ಲಿಂಕ್ ಬಂದ್, ಗ್ವಾಡಿ ಮ್ಯಾಲಿನ ಕೋಡೂ ಬಂದ್. ಅದಕ್ಕಿಂತ ದೊಡ್ಡ ತಮಾಷಿ ಏನಂದ್ರ, ಅತಿಥಿಗೆ ಇಂಟರ್ನೆಟ್ ಇಲ್ಲ ಅಂತನ ಕೋಡ್ ಸ್ಕ್ಯಾನ್ ಮಾಡ್ತಾನ, ಆ ಲಿಂಕ್ ತೆರೀಲಿಕ್ಕೆ ಇಂಟರ್ನೆಟ್ ಬೇಕು! ಘಟ್ಟದಾಗ ಮೊಬೈಲ್ ಟವರ್ ಸಿಗೂದ ಕಷ್ಟ. ಪಾಸ್‌ವರ್ಡ್ ಒಳಗ ಇರೋ ಸ್ಟ್ಯಾಟಿಕ್ ಕೋಡನ ಮಾಡ್ರಿ. ಲಿನಕ್ಸ್ ಇದ್ರ ಕ್ಯೂಆರ್‌ಎನ್‌ಕೋಡ್ ಅನ್ನೋ ಸಣ್ಣ ಪ್ರೋಗ್ರಾಂ ಅದ, ಎಸ್‌ವಿಜಿನೂ ಕೊಡ್ತದ.

#23 ಗುಡ್ಡದಮನೆ
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಳೆ ಫೋನ್‌ನವರು ಬಂದರೆ?

#24 ತುಂತುರು_ಟೆಕ್
ಐಫೋನ್ ಆದರೆ 2017ರ ಐಓಎಸ್ 11ರಿಂದ ಮಾಮೂಲಿ ಕ್ಯಾಮೆರಾ ಸಾಕು. ಆಂಡ್ರಾಯ್ಡ್ 10ರಿಂದ ವೈಫೈ ಸೆಟ್ಟಿಂಗ್ಸ್‌ನಲ್ಲಿ ಆ್ಯಡ್ ನೆಟ್‌ವರ್ಕ್ ಪಕ್ಕ ಸ್ಕ್ಯಾನ್ ಚಿಹ್ನೆ. ಅದಕ್ಕೂ ಹಳೆಯದಕ್ಕೆ ಗೂಗಲ್ ಲೆನ್ಸ್. ಲ್ಯಾಪ್‌ಟಾಪ್ ತಂದವರು ಹೇಗೂ ಟೈಪ್ ಮಾಡಬೇಕು. ಆದ್ದರಿಂದ ಕೋಡ್ ಕೆಳಗೆ ಹೆಸರು, ಪಾಸ್‌ವರ್ಡ್ ಎರಡನ್ನೂ ದಪ್ಪಕ್ಷರದಲ್ಲಿ ಬರೆಯಿರಿ. ಸೊನ್ನೆ ಮತ್ತು ಓ, ಒಂದು ಮತ್ತು ಎಲ್ ಗೊಂದಲ ಆಗುವ ಅಕ್ಷರ ಪಾಸ್‌ವರ್ಡ್‌ನಿಂದ ತೆಗೆದುಬಿಡಿ.

#25 ಮೈಸೂರ್‌ಪಾಕ್404
ನಮ್ಮ ಜನ ಮಾಡೋದು ಬೇರೆ ಸಾರ್. ಕ್ಯೂಆರ್ ಕಂಡ ಕೂಡ್ಲೇ ಫೋನ್‌ಪೇ ತೆಗೀತಾರೆ. ಯುಪಿಐ ಆ್ಯಪ್‌ಗೆ ವೈಫೈ ಕೋಡ್ ಅರ್ಥ ಆಗಲ್ಲ, ಅಮಾನ್ಯ ಕೋಡ್ ಅನ್ನುತ್ತೆ, ಇವ್ರು ರಿಸೆಪ್ಷನ್‌ಗೆ ಬಂದು "ನಿಮ್ಮ ಕೋಡ್ ಕೆಲ್ಸ ಮಾಡ್ತಿಲ್ಲ" ಅಂತಾರೆ. ಕಾರ್ಡ್ ಮೇಲೆ ದೊಡ್ಡದಾಗಿ ವೈಫೈ ಚಿಹ್ನೆ ಹಾಕಿ, "ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ, ಇದು ಹಣ ಕಟ್ಟುವ ಕೋಡ್ ಅಲ್ಲ" ಅಂತ ಬರೀರಿ. ಕೌಂಟರ್‌ನಲ್ಲಿ ಯುಪಿಐ ಕೋಡ್ ಪಕ್ಕ ಇದನ್ನ ಇಡಲೇಬೇಡಿ.

#26 ಪ್ಯಾಕೆಟ್‌ಪಿತಾಮಹ
ಯುಪಿಐ ಸ್ಟಿಕ್ಕರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸುವ ವಂಚನೆ ಇದಕ್ಕೂ ನಡೆಯುತ್ತೆ. ಯಾರೋ ತನ್ನ ಹಾಟ್‌ಸ್ಪಾಟಿನ ಕೋಡ್ ಅಂಟಿಸಿ ಹೋಗಬಹುದು. ಕೋಣೆ ಶುಚಿ ಮಾಡುವವರಿಗೆ ಹೇಳಿಡಿ: ಕಾರ್ಡಿನ ಮೇಲೆ ಇನ್ನೊಂದು ಪದರ ಕಂಡರೆ ತಿಳಿಸಲಿ.

#27 ಹರಟೆಕಟ್ಟೆ
ಇಷ್ಟೆಲ್ಲ ಯಾಕೆ, ಪಾಸ್‌ವರ್ಡೇ ಇಲ್ಲದ ಓಪನ್ ವೈಫೈ ಇಟ್ಟುಬಿಡಿ. ಕೋಡೂ ಬೇಡ, ಕಾರ್ಡೂ ಬೇಡ.

#28 ಪ್ಯಾಕೆಟ್‌ಪಿತಾಮಹ
ಖಂಡಿತ ಬೇಡ. 2008ರಲ್ಲಿ ನವಿ ಮುಂಬೈನ ಒಂದು ಮನೆಯ ಭದ್ರತೆಯಿಲ್ಲದ ವೈಫೈನಿಂದ ಭಯೋತ್ಪಾದಕರ ಇಮೇಲ್ ಹೋಗಿ, ಪೊಲೀಸರು ಮೊದಲು ಬಂದದ್ದು ಕನೆಕ್ಷನ್ ಯಾರ ಹೆಸರಲ್ಲಿತ್ತೋ ಅವರ ಮನೆಗೆ. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರತೆ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕಳಿಸಿತು. ಬಿಲ್ ನಿಮ್ಮ ಹೆಸರಲ್ಲಿದ್ದರೆ ಉತ್ತರ ಕೊಡಬೇಕಾದವರೂ ನೀವೇ. ಯಾವ ಕೋಣೆಯಲ್ಲಿ ಯಾವತ್ತು ಯಾರಿದ್ದರು ಅನ್ನುವ ರಿಜಿಸ್ಟರ್ ಸರಿಯಾಗಿರಲಿ.

#29 ಕಡಲತಡಿ
ಹಾಗಾದರೆ ಒಟಿಪಿ ಲಾಗಿನ್ ಪುಟ ಇಡಬೇಕಾ?

#30 ತುಂತುರು_ಟೆಕ್
ಒಟಿಪಿ ಬಂದರೆ ವಿದೇಶದಿಂದ ಬಂದವರು ಹೊರಗೆ, ಅವರ ಬಳಿ ಇಲ್ಲಿಯ ಸಿಮ್ ಇರಲ್ಲ. ಕ್ಯೂಆರ್ ಕೋಡ್ ಆ ಪುಟವನ್ನು ದಾಟಿಸಲ್ಲ, ವೈಫೈಗೆ ಸೇರಿಸುತ್ತೆ ಅಷ್ಟೆ. ದುಡ್ಡಿಗೆ ವೈಫೈ ಮಾರುವ ಯೋಚನೆ ಇದ್ದರೆ ಅದು ಬೇರೆ ದಾರಿ: 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಸಾರ್ವಜನಿಕ ವೈಫೈ ಯೋಜನೆ. ಅದರಲ್ಲಿ ಸಣ್ಣ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ಪಿಡಿಓ (ವೈಫೈ ಕೊಡುವ ಕೇಂದ್ರ) ಆಗಬಹುದು, ಲಾಗಿನ್ ಕೆಲಸ ಪಿಡಿಓಎ (ಇಂಥ ಕೇಂದ್ರಗಳನ್ನು ಒಟ್ಟುಗೂಡಿಸುವ ಸಂಸ್ಥೆ) ನೋಡಿಕೊಳ್ಳುತ್ತೆ. ಮನೆಯ ಪ್ಲಾನ್ ಇಟ್ಟುಕೊಂಡು ಗಂಟೆಗಿಷ್ಟು ಅಂತ ಮಾರಬೇಡಿ. ಇವರ ಐದು ಕೋಣೆಗೆ ಪಾಸ್‌ವರ್ಡ್ ಮತ್ತು ರಿಜಿಸ್ಟರ್.

#31 ಹರಟೆಕಟ್ಟೆ
ಎನ್‌ಎಫ್‌ಸಿ ಸ್ಟಿಕ್ಕರ್? ಫೋನ್ ತಾಗಿಸಿದರೆ ಕನೆಕ್ಟ್.

#32 ಚೌಕಚುಕ್ಕೆ
ಆಂಡ್ರಾಯ್ಡ್‌ಗೆ ಆಗುತ್ತೆ, 144 ಬೈಟಿನ ಎನ್‌ಟ್ಯಾಗ್ 213 ಚಿಪ್‌ನ ಸ್ಟಿಕ್ಕರ್ ಸಾಕು. ಐಫೋನ್ ಎನ್‌ಎಫ್‌ಸಿ ವೈಫೈ ದಾಖಲೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಬರೆದ ಮೇಲೆ ಲಾಕ್ ಮಾಡದಿದ್ದರೆ ಯಾರು ಬೇಕಾದರೂ ಅಳಿಸಿ ತಮ್ಮದು ಬರೆಯಬಹುದು. ಲಾಕ್ ಮಾಡಿದರೆ ಪಾಸ್‌ವರ್ಡ್ ಬದಲಾದಾಗ ಸ್ಟಿಕ್ಕರ್ ಕಸದಬುಟ್ಟಿಗೆ. ಕಾಗದವೇ ಅಗ್ಗ.

#33 ಗುಡ್ಡದಮನೆ
ಪಾಸ್‌ವರ್ಡ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಪ್ರತಿ ಸಲ ಸನ್‌ಬೋರ್ಡ್ ಮಾಡಿಸೋಕಾಗಲ್ಲ.

#34 ಫ್ಲೆಕ್ಸ್‌ಗಲ್ಲಿ
ಅಕ್ರಿಲಿಕ್ ಸ್ಟ್ಯಾಂಡ್ ತಗೊಳ್ಳಿ, ಎ6 ಅಳತೆ, ಎರಡು ಹಾಳೆ ನಡುವೆ ಕಾಗದ ಸಿಕ್ಕಿಸೋದು. ಲೇಸರ್ ಪ್ರಿಂಟ್ ತೆಗೆದು ಒಂದು ನಿಮಿಷದಲ್ಲಿ ಐದೂ ಕೋಣೆಯದು ಬದಲಿಸಬಹುದು. ಬದಲಿಸೋ ಹಾಗಿದ್ರೆ ಸನ್‌ಬೋರ್ಡ್ ಮಾತು ಬಿಡಿ.

#35 ಪ್ಯಾಕೆಟ್‌ಪಿತಾಮಹ
ಸೀಸನ್‌ನಲ್ಲಿ ತಿಂಗಳಿಗೊಮ್ಮೆ ಸಾಕು. ಹೆಸರು ಬದಲಿಸಬೇಡಿ, ಪಾಸ್‌ವರ್ಡ್ ಮಾತ್ರ. ರೂಟರ್, ಆಕ್ಸೆಸ್ ಪಾಯಿಂಟ್ ಎರಡರಲ್ಲೂ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಮೂರು ಕೋಣೆಗೆ ಬಂದು ಎರಡಕ್ಕೆ ಬರಲ್ಲ.

ಇನ್ನೆರಡು ಸೆಟ್ಟಿಂಗ್. ಅತಿಥಿ ರೂಟರಿನಲ್ಲಿ ಡಿಎಚ್‌ಸಿಪಿ ಲೀಸ್ (ಒಂದು ಐಪಿಯನ್ನು ಒಂದು ಫೋನಿಗೆ ಕಾದಿಡುವ ಅವಧಿ) 24 ಗಂಟೆ ಇದ್ದರೆ 2 ಗಂಟೆಗೆ ಇಳಿಸಿ. ಈಗಿನ ಫೋನುಗಳು ನಿಜವಾದ ಮ್ಯಾಕ್ ವಿಳಾಸ (ಸಾಧನದ ಹುಟ್ಟುಗುರುತು) ತೋರಿಸಲ್ಲ; ನೆಟ್‌ವರ್ಕ್ ಮರೆತು ಮತ್ತೆ ಸೇರಿದರೆ ಕೆಲವು ಹೊಸ ವಿಳಾಸ ಹೊತ್ತು ಬರುತ್ತವೆ. ಕಾರ್ಯಕ್ರಮ ಇದ್ದ ದಿನ ಐಪಿ ಖಾಲಿಯಾಗಿ, ಸ್ಕ್ಯಾನ್ ಮಾಡಿದವರಿಗೆ ಐಪಿ ಸಿಗುತ್ತಿದೆ ಅನ್ನುವಲ್ಲೇ ನಿಂತುಬಿಡುತ್ತೆ. ಮ್ಯಾಕ್ ವಿಳಾಸ ಹಿಡಿದು ಒಬ್ಬರನ್ನು ಬ್ಲಾಕ್ ಮಾಡುವ ಆಸೆಯನ್ನೂ ಇದೇ ಕಾರಣಕ್ಕೆ ಬಿಡಿ. ಎರಡನೆಯದು, ಒಬ್ಬೊಬ್ಬರಿಗೆ ವೇಗದ ಮಿತಿ. ಒಬ್ಬರು ಫೋಟೋ ಬ್ಯಾಕಪ್ ಹಾಕಿ ಮಲಗಿದರೆ ಅಪ್‌ಲೋಡ್ ತುಂಬಿ ಎಲ್ಲರ ವಿಡಿಯೋ ಕಾಲ್ ತುಂಡಾಗುತ್ತೆ.

#36 ಕಡಲತಡಿ
ಕೋಣೆಯಲ್ಲಿ ಸ್ಮಾರ್ಟ್ ಟಿವಿ ಇದ್ರೆ? ಐಸೋಲೇಷನ್ ಆನ್ ಆದ್ರೆ ಫೋನಿನಿಂದ ಟಿವಿಗೆ ಕಾಸ್ಟ್ ಆಗಲ್ಲ.

#37 ಪ್ಯಾಕೆಟ್‌ಪಿತಾಮಹ
ಆಗಲ್ಲ, ಆಗಬಾರದು ಕೂಡ. ಐಸೋಲೇಷನ್ ತೆಗೆದರೆ ಒಂದನೇ ಕೋಣೆಯವರು ನಾಲ್ಕನೇ ಕೋಣೆಯ ಟಿವಿಯಲ್ಲಿ ಕ್ರಿಕೆಟ್ ಹಾಕಬಹುದು. ಟಿವಿಯಲ್ಲೇ ಆ್ಯಪ್ ಬಳಸಲಿ, ಇಲ್ಲವೇ ಎಚ್‌ಡಿಎಂಐ ಕೇಬಲ್ ಒಂದು ಇಟ್ಟುಬಿಡಿ.

#38 ಮೈಸೂರ್‌ಪಾಕ್404
ನಾಲ್ಕನೇ ಕೋಣೆಯವರು ಧಾರಾವಾಹಿ ನೋಡ್ತಿದ್ರೆ ಅಂತೂ ಯುದ್ಧವೇ 😂

#39 ಗುಡ್ಡದಮನೆ
ಸರಿ, ತೀರ್ಮಾನ: ಓಎನ್‌ಟಿ ವೈಫೈ ಆಫ್, ಎರಡು ಕವಲು, ಅತಿಥಿ ರೂಟರ್ ಹಾಲ್‌ಗೆ, ಅಂಗಳದಾಚೆಗೆ ಫೈಬರ್. ಪಾಸ್‌ವರ್ಡ್ 12 ಅಕ್ಷರ, ಚಿಹ್ನೆ ಇಲ್ಲ. ಎ6 ಅಕ್ರಿಲಿಕ್ ಸ್ಟ್ಯಾಂಡ್. ಡಿವಿಆರ್ ಮನೆ ರೂಟರ್ ಹಿಂದೆ ಹೋದರೆ ಮೊಬೈಲ್‌ನಲ್ಲಿ ಕ್ಯಾಮೆರಾ ನೋಡಬಹುದಲ್ವಾ?

#40 ಪ್ಯಾಕೆಟ್‌ಪಿತಾಮಹ
ಡಿವಿಆರ್ ಕಂಪನಿಯ ಆ್ಯಪ್‌ನಲ್ಲಿ ಪಿ2ಪಿ (ಕಂಪನಿಯ ಸರ್ವರ್ ಮೂಲಕ ಜೋಡಿಸುವ ವ್ಯವಸ್ಥೆ) ಮೂಲಕ ನೋಡುತ್ತಿದ್ದರೆ ಏನೂ ಬದಲಾಗಲ್ಲ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಡಿವಿಆರ್‌ಗೆ ರೂಟರಿನಲ್ಲಿ ದಾರಿ ತೆರೆಯುವುದು) ಮಾಡಿಕೊಂಡಿದ್ದರೆ ಈಗ ಎರಡು ಕಡೆ ಮಾಡಬೇಕು, ಓಎನ್‌ಟಿಯಲ್ಲೂ ಮನೆ ರೂಟರಿನಲ್ಲೂ. ಕೇಬಲ್ ಬದಲಿಸಿದ ಮೇಲೆ ಡಿವಿಆರ್‌ನಲ್ಲಿ ಹಳೆ ಸ್ಥಿರ ಐಪಿ ಉಳಿದಿರುತ್ತೆ, ಐಪಿ ತಾನಾಗಿ ಪಡೆಯುವ ಡಿಎಚ್‌ಸಿಪಿಗೆ ಹಾಕಿ ರೀಸ್ಟಾರ್ಟ್ ಮಾಡಿ.

#41 ಫ್ಲೆಕ್ಸ್‌ಗಲ್ಲಿ
ಐದು ಪ್ರಿಂಟ್ ತೆಗೆಯೋ ಮೊದ್ಲು ಒಂದೇ ತೆಗೀರಿ. ಆ ವೈಫೈಗೆ ಯಾವತ್ತೂ ಸೇರಿಲ್ಲದ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಿ. ನಿಮ್ಮ ಫೋನ್ ಬೇಡ, ಅದು ಪಾಸ್‌ವರ್ಡ್ ಮೊದಲೇ ನೆನಪಿಟ್ಟಿರುತ್ತೆ, ಕೋಡ್ ತಪ್ಪಿದ್ರೂ ಕನೆಕ್ಟ್ ಆಗಿಬಿಡುತ್ತೆ. ರಾತ್ರಿ ಕೋಣೆಯ ಬೆಡ್‌ಲ್ಯಾಂಪ್ ಬೆಳಕಲ್ಲೂ ಒಂದ್ಸಲ.